ಪ್ರಿಂಟರಿಗೆ ಸೀರೆಯ ಬಣ್ಣ ಕುಡಿಸಿದ್ದು

ಮೊನ್ನೆ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಗೆ ಯಾವುದೋ ಕಾಗದದ ನಕಲು ತೆಗೆಸಲು ಹೋಗಿದ್ದೆ. ಅಂಗಡಿ ನೋಡಿಕೊಳ್ಳುವ ಹೆಣ್ಣುಮಗಳು, "ಒಂದ್ನಿಮಿಷ ತಾತ, ಇಂಕ್ ಖಾಲಿ ಆಗಿದೆ" ಎಂದು ಹೇಳಿ, ಒಂದು ಸಣ್ಣ ಸೀಸೆಯ ಮುಚ್ಚಳ ತಿರುಗಿಸಿ ಪ್ರಿಂಟರಿನ ಹೊಟ್ಟೆಗೆ ಬೋರಲು ಹಾಕಿದಳು. ಗುಳಗುಳನೆ ಇಳಿಯಿತು. ಮುಚ್ಚಳ ಮುಚ್ಚಿದಳು. ಕೈ ಕೂಡ ಒರೆಸಿಕೊಳ್ಳಲಿಲ್ಲ. ಒರೆಸಿಕೊಳ್ಳುವಂಥದ್ದು ಏನೂ ಅಂಟಿರಲಿಲ್ಲ.

"ಇಷ್ಟೇನಾ?" ಅಂದೆ.

"ಇಷ್ಟೇ ತಾತ. ಇದೊಂದು ಸೀಸೆ ಇದ್ರೆ ತಿಂಗಳಾನುಗಟ್ಲೆ ಬರುತ್ತೆ. ರೇಟೂ ಕಮ್ಮಿ."

ನಾನು ಬಂದ ಕೆಲಸ ಮರೆತು ಆ ಸೀಸೆಯನ್ನೇ ನೋಡುತ್ತ ನಿಂತುಬಿಟ್ಟೆ. ಮುದುಕನಿಗೆ ತಲೆ ಸುತ್ತು ಬಂದಿರಬೇಕು ಅಂದುಕೊಂಡು ಅವಳು ಪಾಪ ಸ್ಟೂಲು ಎಳೆದು ಕೊಟ್ಟಳು. ತಲೆ ಸುತ್ತೇನೂ ಬಂದಿರಲಿಲ್ಲ. ಇಂಥ ಒಂದು ಸೀಸೆ ತೊಂಬತ್ತರ ದಶಕದಲ್ಲಿ ನನಗೆ ಸಿಕ್ಕಿದ್ದರೆ ನಮ್ಮ ಮನೆಯಲ್ಲಿ ಒಬ್ಬರ ಬಾಳು ಬೇರೆ ಥರ ಇರುತ್ತಿತ್ತಲ್ಲ ಎನಿಸಿತು. ಸ್ಟೂಲಿನ ಮೇಲೆ ಕೂತು ಇನ್ನಷ್ಟು ಯೋಚಿಸಿದಾಗ, ಈ ವಯಸ್ಸಿನಲ್ಲೂ ತಪ್ಪನ್ನು ಸೀಸೆಯ ಮೇಲೆ ಹಾಕಲು ನೋಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆ ವಿಷಯವನ್ನೇ ನಿಮ್ಮ ಹತ್ತಿರ ಹೇಳಿಕೊಳ್ಳಬೇಕು. ನೇರವಾಗಿ ಹೇಳಲು ಬಾಯಿ ಬರುವುದಿಲ್ಲ. ಸ್ವಲ್ಪ ಸುತ್ತುಬಳಸಿ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಶಾಯಿಯ ವಿಷಯದಲ್ಲಿ ನಾನು ಹುಟ್ಟಾ ಜುಗ್ಗ. ನಮ್ಮೂರು ರಾಜಘಟ್ಟ. ಅಲ್ಲಿ ಓದುವಾಗ ಶಾಯಿ ಮಾತ್ರೆಯನ್ನು ನೀರಿಗೆ ಹಾಕಿ ಕಲಕಿ ಕುಡಿಕೆ ತುಂಬಿಸಿಕೊಳ್ಳುತ್ತಿದ್ದೆವು. ಒಂದು ಮಾತ್ರೆಗೆ ಒಂದು ಕುಡಿಕೆ ನೀರು. ನಾನು ಅದರಲ್ಲೇ ಎರಡು ಕುಡಿಕೆ ಮಾಡುತ್ತಿದ್ದೆ. ಮೇಷ್ಟ್ರು ನನ್ನ ಪುಸ್ತಕವನ್ನು ಬೆಳಕಿಗೆ ಹಿಡಿದು, "ಏನ್ಲಾ ನಂಜುಂಡ, ಬರ್ದಿದೀಯೋ, ಇಲ್ಲಾ ಬರೀಬೇಕು ಅಂತ ಅಂದ್ಕೊಂಡಿದೀಯೋ?" ಎನ್ನುತ್ತಿದ್ದರು.

ಆಮೇಲೆ ಮಾತ್ರೆಯೂ ದಂಡ ಎನಿಸಿತು. ನಮ್ಮ ಹಿತ್ತಲ ಬೇಲಿಯ ಮೇಲೆ ಬಸಳೆ ಬಳ್ಳಿ ಹಬ್ಬಿತ್ತು. ಅದರ ಹಣ್ಣು ಹಿಸುಕಿದರೆ ಒಳ್ಳೆ ನೇರಳೆ ರಸ. ಬಟ್ಟೆಯಲ್ಲಿ ಸೋಸಿ ಬರೆದು ನೋಡಿದೆ. ಇಡೀ ತರಗತಿಯಲ್ಲಿ ಯಾರ ಪುಸ್ತಕದಲ್ಲೂ ಇಲ್ಲದ ಬಣ್ಣ! ನನ್ನ ಠೀವಿ ಒಂದು ವಾರ ನಡೆಯಿತು. ಅಷ್ಟರಲ್ಲಿ ಅಕ್ಷರಗಳು ಕಂದಿ, ಒಂದೊಂದಾಗಿ ಮಾಯವಾಗಿ, ಮೇಷ್ಟ್ರು ಕಾಪಿ ಪುಸ್ತಕ ಕೇಳಿದ ದಿನ ಅದರಲ್ಲಿ ಕಲೆ ಬಿಟ್ಟು ಬೇರೇನೂ ಇರಲಿಲ್ಲ.

"ನಮ್ಮಕ್ಕ ನೀರು ಚೆಲ್ಲಿಬಿಟ್ಳು ಸಾ," ಅಂದೆ. ಅದೇ ಹೊತ್ತಿಗೆ ನಮ್ಮಕ್ಕ ಪುಟ್ಟಮ್ಮ ನೀರಿನ ಬಿಂದಿಗೆ ಹೊತ್ತು ಸ್ಕೂಲಿನ ಮುಂದೆಯೇ ಹೋಗಬೇಕೆ! ಮೇಷ್ಟ್ರು ಕಿಟಕಿಯಿಂದ ಕೂಗಿದರು: "ಏನಮ್ಮಾ ಪುಟ್ಟಮ್ಮ, ಇವನ ಪುಸ್ತಕದ ಮೇಲೆ ನೀರು ಚೆಲ್ಲಿದ್ದು ನೀನೇನಾ?"

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಬಿಂದಿಗೆ ಹಿಡಿದುಕೊಂಡೇ ಒಳಗೆ ಇಣುಕಿ ನನ್ನ ಮುಖ ನೋಡಿದಳು. "ಹೂಂ ಸಾ, ಕೈ ಜಾರಿ ಚೆಲ್ಲೋಯ್ತು," ಅಂದಳು. ಸಂಜೆ ಮನೆಯಲ್ಲಿ ನನ್ನ ಕಿವಿ ಹಿಂಡಿ, "ಇನ್ನೊಂದ್ಸಲ ನನ್ ಹೆಸ್ರು ಹೇಳೋಕ್ ಮುಂಚೆ ನಂಗೊಂದ್ ಮಾತು ಹೇಳೋ. ಒಪ್ಕೊಳ್ಳೋಕೆ ರೆಡಿಯಾಗಿರ್ತೀನಿ," ಎಂದು ನಕ್ಕಳು. ಆ ನಗುವೇ ನನ್ನನ್ನು ಕೆಡಿಸಿತು ಎಂದರೆ ಅದೂ ಇನ್ನೊಬ್ಬರ ಮೇಲೆ ಹಾಕಿದ ಹಾಗಾಗುತ್ತದೆ. ಬಿಡಿ.

ಅಕ್ಕನ ಗಂಡ ಮದುವೆಯಾದ ಮೂರನೆಯ ವರ್ಷಕ್ಕೇ ತೀರಿಕೊಂಡರು. ಮಕ್ಕಳಿರಲಿಲ್ಲ. ರಾಜಘಟ್ಟಕ್ಕೆ ವಾಪಸ್ಸು ಬಂದು ನಮ್ಮಣ್ಣನ ಮನೆಯಲ್ಲಿ ಉಳಿದಳು. ಅಣ್ಣನಿಗೆ ಸುಮಾ ಹುಟ್ಟಿದಾಗ ಅತ್ತಿಗೆ ಬಾಣಂತನದಲ್ಲೇ ಕಾಯಿಲೆ ಬಿದ್ದು ವರ್ಷಗಟ್ಟಲೆ ಹಾಸಿಗೆ ಹಿಡಿದರು. ಕೂಸಿಗೆ ಹಸುವಿನ ಹಾಲು ಕುಡಿಸಿದವಳು, ನೀರು ಹುಯ್ದವಳು, ಕಾಲ ಮೇಲೆ ಮಲಗಿಸಿಕೊಂಡು ತಟ್ಟಿದವಳು ಎಲ್ಲಾ ಅಕ್ಕನೇ. ಸುಮಾ "ಅಮ್ಮ" ಅನ್ನುವುದಕ್ಕೆ ಮೊದಲು "ಅತ್ತೆ" ಅನ್ನುವುದನ್ನು ಕಲಿತಳು. ಊಟ ಅತ್ತೆ ಕೈಯಲ್ಲಿ, ಜಡೆ ಅತ್ತೆ ಕೈಯಲ್ಲಿ, ನಿದ್ದೆ ಅತ್ತೆ ಮಗ್ಗುಲಲ್ಲಿ. ಅತ್ತಿಗೆ ಗುಣವಾದ ಮೇಲೂ ಹಾಗೇ ನಡೆಯಿತು.

ನಾನು ಹೈಸ್ಕೂಲು ಮುಗಿಸಿ, ಟೈಪಿಂಗ್ ಕಲಿತು, ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿ, ಮುಂದಿನ ಕೋಣೆಯಲ್ಲೇ ಒಂದು ಟೈಪ್‌ರೈಟರ್ ಇಟ್ಟುಕೊಂಡು ಕೂತೆ. ಅರ್ಜಿ, ಕರಾರು, ಮಗ್ಗದವರ ಬಿಲ್ಲು, ಹೀಗೆ ಬಂದದ್ದೆಲ್ಲ ಟೈಪು ಮಾಡುತ್ತಿದ್ದೆ. ಎಂಬತ್ತರ ದಶಕದ ಕೊನೆಯಲ್ಲಿ ನನ್ನ ರಿಬ್ಬನ್ ನೋಡಿದವರು ಮರುಕಪಡುತ್ತಿದ್ದರು. ಒಂದು ಸುತ್ತು ಮುಗಿದರೆ ತಿರುಗಿಸಿ ಹಾಕುತ್ತಿದ್ದೆ. ಅದೂ ಮುಗಿದರೆ ಸ್ಟ್ಯಾಂಪ್ ಪ್ಯಾಡಿನ ಶಾಯಿಗೆ ಹೊಲಿಗೆ ಯಂತ್ರದ ಎಣ್ಣೆ ಬೆರೆಸಿ ಸವರಿ ಒಂದು ಹಗಲು ನೆರಳಲ್ಲಿ ಒಣಗಿಸುತ್ತಿದ್ದೆ. ನನ್ನ ಹೆಂಡತಿ ಸರೋಜ, "ಊರಲ್ಲೆಲ್ಲಾ ಸಂಡಿಗೆ ಒಣಗಾಕ್ತಾರೆ, ನಮ್ಮನೇಲಿ ಇದು," ಎನ್ನುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರ್ ಬಂತು. ಬೆಂಗಳೂರಿನ ಒಂದು ಆಫೀಸು ಹಳೆಯ ಸಾಮಾನು ಮಾರುತ್ತಿದೆ ಎಂದು ತಿಳಿದು ಒಂದು ಕಂಪ್ಯೂಟರನ್ನೂ ಅದರ ಜೊತೆಗಿದ್ದ ಪ್ರಿಂಟರನ್ನೂ ಹೊತ್ತು ತಂದೆ. ನಮ್ಮ ಬೀದಿಯಲ್ಲೇ ಮೊದಲನೆಯದು. ಮೊದಮೊದಲು ಜನ ಸುಮ್ಮನೆ ನಿಂತು ನೋಡಿ ಹೋಗುತ್ತಿದ್ದರು. ಕನ್ನಡ ಅಕ್ಷರಗಳು ಬಿಳಿ ಹಾಳೆಯ ಮೇಲೆ ಸಾಲುಸಾಲಾಗಿ ಇಳಿಯುವಾಗ ನಾನು ಪಕ್ಕದಲ್ಲಿ ಕೈಕಟ್ಟಿಕೊಂಡು, ಆ ಅಕ್ಷರಗಳನ್ನು ನಾನೇ ಹೆತ್ತವನ ಹಾಗೆ ನಿಂತಿರುತ್ತಿದ್ದೆ.

ಮೂರನೆಯ ತಿಂಗಳಿಗೆ ಶಾಯಿ ಮುಗಿಯಿತು. ಶಾಯಿ ಎಂದರೆ ಒಂದು ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಅದಕ್ಕೆ ಕಾರ್ಟ್ರಿಜ್ ಅನ್ನುತ್ತಾರೆ. ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್ಕಿನಲ್ಲಿಳಿದು, ಅಂಗಡಿ ಅಂಗಡಿ ವಿಚಾರಿಸಿದೆ. ಕೊನೆಗೆ ಒಬ್ಬ ಬೆಲೆ ಹೇಳಿದ. ಅಂಗಡಿಯವನು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಕ್ಕೆ. ಅವನು ನಗಲಿಲ್ಲ. ಬರಿಗೈಯಲ್ಲಿ ಬಸ್ಸು ಹತ್ತಿದೆ. ಯಲಹಂಕ ದಾಟುವ ಹೊತ್ತಿಗೆ ಒಂದು ನಿರ್ಧಾರಕ್ಕೆ ಬಂದಿದ್ದೆ: ಬಸಳೆ ಹಣ್ಣಿನಲ್ಲಿ ಬರೆದವನು ನಾನು, ಈ ಡಬ್ಬಿಗೆ ಸೋಲುವುದೇ?

ಔಷಧಿ ಅಂಗಡಿಯಿಂದ ಇಂಜೆಕ್ಷನ್ ಸಿರಿಂಜು ತಂದೆ. ಡಬ್ಬಿಯ ನೆತ್ತಿಯಲ್ಲಿ ತೂತು ಮಾಡಿದರೆ ಒಳಗೆ ಸ್ಪಂಜು. ಪೆನ್ನಿನ ಶಾಯಿ ಚುಚ್ಚಿದೆ. ಅಕ್ಷರಗಳು ಜ್ವರ ಬಂದವರ ಹಾಗೆ ಬಿಳಚಿಕೊಂಡು ಬಂದವು. ಸ್ಟ್ಯಾಂಪ್ ಪ್ಯಾಡಿನ ಶಾಯಿ ಚುಚ್ಚಿದೆ. ಏನೂ ಬರಲಿಲ್ಲ, ಪ್ರಿಂಟರು ಗಂಟಲು ಕಟ್ಟಿದವರ ಹಾಗೆ ಸದ್ದು ಮಾಡಿ ನಿಂತಿತು. ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ಒರೆಸಿ ಅದರ ಗಂಟಲು ಬಿಡಿಸಲು ಎರಡು ದಿನ ಹಿಡಿಯಿತು. ನನ್ನ ಹತ್ತು ಬೆರಳೂ ಕಪ್ಪು. ಊಟಕ್ಕೆ ಕೂತರೆ ಸರೋಜ ತಟ್ಟೆಯಲ್ಲಿ ಚಮಚ ಇಟ್ಟಳು.

ಆಗ ಹೊಳೆದದ್ದು ಮುನಿರಾಜು. ಸ್ಕೂಲಿನಲ್ಲಿ ನನ್ನ ಬೆಂಚಿನವನು. ದೊಡ್ಡಬಳ್ಳಾಪುರ ಎಂದರೆ ಮಗ್ಗ, ಮಗ್ಗ ಎಂದರೆ ಬಣ್ಣ. ಆ ಕಾಲದಲ್ಲಿ ನಮ್ಮ ಬೀದಿಯ ಚರಂಡಿ ನೋಡಿದರೆ ಸಾಕು, ಈ ವಾರ ಯಾವ ಬಣ್ಣದ ಸೀರೆಗೆ ಗಿರಾಕಿ ಇದೆ ಎಂದು ಹೇಳಬಹುದಿತ್ತು. ಮುನಿರಾಜು ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ. ಅವನ ಮೊಣಕೈವರೆಗೆ ಒಂದು ಬಣ್ಣ, ಅದರ ಮೇಲಕ್ಕೆ ಅವನ ಸ್ವಂತ ಬಣ್ಣ.

"ಲೇ ಮುನಿರಾಜು, ಒಂದಿಷ್ಟು ಕರೀ ಬಣ್ಣ ಕೊಡೋ," ಅಂದೆ.

"ಯಾಕ್ಲಾ, ತಲೆಗ್ ಹಚ್ಕೊಳ್ಳೋಕಾ? ಅದ್ಕೆ ಮೊದ್ಲು ಕೂದ್ಲು ಇರ್ಬೇಕು ಕಣೋ."

ಪ್ರಿಂಟರಿಗೆ ಎಂದು ವಿವರಿಸಿದೆ. ಅವನು ಕುದಿಯುವ ಹಂಡೆಯಿಂದ ನೂಲಿನ ಕೋಲು ಎತ್ತಿ ಹಿಡಿದುಕೊಂಡೇ ತಲೆಯಾಡಿಸಿದ. "ಇದು ರೇಷ್ಮೇಗ್ ಮಾಡಿರೋ ಬಣ್ಣ ಗುರು. ಆಸಿಡ್ ಹಾಕಿ ಕುದ್ಸಿದ್ರೆ ರೇಷ್ಮೆ ಕಚ್ಕೊಳ್ತದೆ, ಆಮೇಲೆ ಸಾಯೋಗಂಟ ಬಿಡಲ್ಲ. ಕಾಗದ ಕಚ್ಕೊಳ್ಳಲ್ಲ. ಸುಮ್ನೆ ಮೇಲೆ ಕೂತಿರ್ತದೆ. ಒಂದ್ ತೊಟ್ಟು ನೀರು ಬಿದ್ರೆ ಎದ್ದು ಹೋಗ್ತದೆ."

"ಕಾಗದಾನ ಯಾರೋ ನೀರಲ್ಲಿ ಅದ್ದುತಾರೆ?"

"ನಾನ್ ಹೇಳೋದು ಹೇಳಿದೀನಪ್ಪ," ಎಂದು ಪೊಟ್ಟಣ ಕಟ್ಟಿಕೊಟ್ಟ.

ಬಿಸಿನೀರಿನಲ್ಲಿ ಕರಗಿಸಿ, ಸರೋಜಳ ಹಳೆಯ ರೇಷ್ಮೆ ಕುಪ್ಪಸದ ತುಂಡಿನಲ್ಲಿ ನಾಲ್ಕು ಮಡಿಕೆ ಮಾಡಿ ಸೋಸಿ, ಆರಿಸಿ ಚುಚ್ಚಿದೆ. ಅಕ್ಷರ ಬಂದವು ನೋಡಿ! ಕಾಡಿಗೆಯಂಥ ಕಪ್ಪು. ಅಂಗಡಿಯ ಶಾಯಿಯನ್ನು ನಾಚಿಸುವ ಹಾಗಿತ್ತು. ಒಂದು ಹಾಳೆಯನ್ನು ಬಿಸಿಲಿಗೆ ಅಂಟಿಸಿ ನೋಡಿದೆ, ಕಂದಲಿಲ್ಲ. ಬೆರಳಲ್ಲಿ ಉಜ್ಜಿ ನೋಡಿದೆ, ಹರಡಲಿಲ್ಲ. ಅಲ್ಲಿಂದಾಚೆಗೆ ಊರಿನ ಅರ್ಧ ಜನದ ಕಾಗದಪತ್ರ ಸೀರೆಯ ಬಣ್ಣದಲ್ಲೇ ಹೊರಟವು.

ಒಂದು ದಿನ ಸರೋಜ ಕಾಫಿ ತಂದು ಮೇಜಿನ ಮೇಲಿದ್ದ ಹಾಳೆಯ ಮೇಲೆ ಲೋಟ ಇಟ್ಟಳು. ಲೋಟದ ತಳ ಒದ್ದೆಯಿತ್ತು. ಎತ್ತಿದಾಗ ಅಲ್ಲಿ ಒಂದು ಉಂಗುರ. ಉಂಗುರದ ದಾರಿಯಲ್ಲಿದ್ದ ಅಕ್ಷರಗಳೆಲ್ಲ ಕರಗಿ ನೇರಳೆ, ಹಸಿರು, ಕೆಂಪು ಎಂದು ಬೇರೆಬೇರೆಯಾಗಿ ಓಡಿದ್ದವು. ಇಬ್ಬರೂ ನೋಡಿದೆವು. ಆ ಹಾಳೆಯನ್ನು ಮುದುಡಿ ಒಲೆಗೆ ಹಾಕಿ, ಬೇರೆಯದು ತೆಗೆದೆ. "ಇನ್ಮೇಲೆ ಲೋಟ ಒರೆಸಿ ತಾ," ಎಂದು ಅವಳಿಗೇ ಹೇಳಿದೆ. ಈ ಉಂಗುರವನ್ನು ನೀವು ಮರೆಯಬೇಡಿ. ನಾನು ಮರೆಯಲು ಎಷ್ಟು ಪ್ರಯತ್ನಪಟ್ಟರೂ ಆಗಿಲ್ಲ.

ಸುಮಾಗೆ ದೇವನಹಳ್ಳಿ ಆಚೆಯ ವಿಜಯಪುರದ ಕಡೆ ಗಂಡು ಗೊತ್ತಾಯಿತು. ರೇಷ್ಮೆ ನೂಲು ತೆಗೆಯುವ ಮನೆತನ. ಅಣ್ಣ ಬಂದು, "ಕಾರ್ಡು ಪ್ರೆಸ್ಸಿಗೆ ಕೊಡಾನ ಅಂತಿದೀನಿ ಕಣೋ," ಅಂದ.

"ಮನೇಲಿ ಮಿಷಿನ್ ಇಟ್ಕೊಂಡು ಪ್ರೆಸ್ಸಿಗೆ ಯಾಕಣ್ಣ? ನಾನಿಲ್ವಾ?"

ಚಿನ್ನದ ಬಣ್ಣದ ಗಣಪತಿ ಇರುವ ಖಾಲಿ ಕಾರ್ಡು ಸಿಗುತ್ತಿದ್ದವು. ಅವನ್ನು ತಂದು ಒಂದೊಂದಾಗಿ ಪ್ರಿಂಟರಿಗೆ ಉಣ್ಣಿಸಿದೆ. ಎಡಕ್ಕೆ ಗಂಡಿನ ಹೆಸರು, ಬಲಕ್ಕೆ ಹೆಣ್ಣಿನ ಹೆಸರು, ದಪ್ಪ ಅಕ್ಷರದಲ್ಲಿ, ಅಂಚಿನ ತನಕ. ಮೊದಲ ಕಾರ್ಡನ್ನು ರಾಜಘಟ್ಟಕ್ಕೆ ಒಯ್ದಾಗ ಅಕ್ಕ ಕೈ ತೊಳೆದು ಬಂದಳು. ಅವಳಿಗೆ ಓದು ಅಷ್ಟಕ್ಕಷ್ಟೆ. "ಸುಮಾ ಹೆಸ್ರು ಎಲ್ಲೈತೆ, ತೋರ್ಸು," ಅಂದಳು. ತೋರಿಸಿದೆ. ಕಾಗದಕ್ಕೆ ತಾಗದ ಹಾಗೆ ಬೆರಳನ್ನು ಮೇಲಿಂದಲೇ ಆಡಿಸುತ್ತ, "ಎಷ್ಟ್ ದೊಡ್ಡದಾಗಿ ಬರ್ದವ್ನೆ ನಮ್ ನಂಜ," ಎಂದಳು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿದೆ. ಲಗ್ನಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚದೆ ಯಾರ ಕೈಗೂ ಕೊಡುವ ಹಾಗಿಲ್ಲ. ಗಂಡಿನ ಮನೆಗೆ ಕೊಡಲು ಹೊರಟ ದಿನ ಬೆಳಿಗ್ಗೆ ಪಡಸಾಲೆಯಲ್ಲಿ ಅತ್ತಿಗೆ, ಅಕ್ಕಪಕ್ಕದ ಹೆಂಗಸರು, ಸುಮಾ ಎಲ್ಲ ಕಾರ್ಡು ಹರಡಿಕೊಂಡು ಕೂತಿದ್ದರು. ನಾನು ಗೋಡೆಗೆ ಒರಗಿ ನನ್ನ ಕಾರ್ಡಿನ ಹೊಗಳಿಕೆ ಕೇಳಿಸಿಕೊಳ್ಳುತ್ತ ಕೂತಿದ್ದೆ. ಅತ್ತಿಗೆ ಕಾಫಿ ತರಲು ಒಳಗೆ ಹೋದರು. ಅಕ್ಕ ಅಡುಗೆಮನೆಯ ಹೊಸ್ತಿಲ ಆಚೆಗೇ ನಿಂತು ನೋಡುತ್ತಿದ್ದಳು. ಇಂಥ ಕೆಲಸಕ್ಕೆ ಅವಳು ತಾನಾಗಿಯೇ ದೂರ ನಿಲ್ಲುತ್ತಿದ್ದಳು.

"ಅತ್ತೆ, ಅರಿಶಿನ ಒಣಗೋಯ್ತು. ಒಂದಿಷ್ಟು ನೀರ್ ಹಾಕಿ ಕಲಸ್ಕೊಡು," ಎಂದಳು ಸುಮಾ.

"ನಾನ್ಯಾಕೆ ಕಣೆ? ನಿಮ್ಮವ್ವ ಬರ್ಲಿ ಇರು."

"ನೀನ್ ಕಲ್ಸಿದ್ ಅನ್ನ ತಿಂದೇ ಇಷ್ಟುದ್ದ ಆಗಿದೀನಿ. ಅರಿಶಿನಕ್ಕೇನ್ ಬಂತು? ಬಾ ಅತ್ತೆ."

ಅಕ್ಕ ನನ್ನ ಕಡೆ ನೋಡಿದಳು. ನಾನು, "ಕಲಸಕ್ಕ, ಏನಾಗಲ್ಲ," ಅಂದೆ.

ಅವಳು ಚೊಂಬಿನಿಂದ ನೀರು ಬಿಟ್ಟು ಮೂರು ಬೆರಳಲ್ಲಿ ಕಲಸಿದಳು. ಆ ನೀರು ಬೀಳುವಾಗ ನನಗೆ ಕಾಫಿ ಲೋಟದ ಉಂಗುರ ನೆನಪಾಯಿತೇ? ಆಯಿತು. ಆದರೆ ಹಚ್ಚುವುದು ಮೂಲೆಗೆ ತಾನೇ, ಅಕ್ಷರಕ್ಕೆ ಎಲ್ಲಿ ತಾಗುತ್ತದೆ ಅಂದುಕೊಂಡೆ. ಜೊತೆಗೆ, ಈಗ ಎದ್ದು "ನಿಲ್ಲಿಸಿ, ನನ್ನ ಶಾಯಿಗೆ ನೀರು ಆಗಿಬರುವುದಿಲ್ಲ" ಎಂದು ಅಷ್ಟು ಜನ ಹೆಂಗಸರ ಮುಂದೆ ಹೇಳುವುದು ಹೇಗೆ? ಅಕ್ಕ ಅರಿಶಿನದ ತಟ್ಟೆಯನ್ನು ಸುಮಾಳ ಮುಂದೆ ಸರಿಸಿ ಮತ್ತೆ ಹೊಸ್ತಿಲ ಆಚೆ ಹೋಗಿ ನಿಂತಳು. ಮುಖದಲ್ಲಿ ಎಂಥದ್ದೋ ಸಂತೋಷ.

ಬಸ್ಸಿಗೆ ಹೊತ್ತಾಯಿತೆಂದು ಅತ್ತಿಗೆ ಹಸಿ ಕಾರ್ಡುಗಳನ್ನೇ ಪೇರಿಸಿ ದಾರ ಕಟ್ಟಿ ಬ್ಯಾಗಿನಲ್ಲಿ ನಿಲ್ಲಿಸಿದರು. ಅಣ್ಣ, ಅತ್ತಿಗೆ, ನಾನು ಹೊರಟೆವು. ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ವಿಜಯಪುರ ಮುಟ್ಟುವಾಗ ಮಧ್ಯಾಹ್ನ. ಗಂಡಿನ ಮನೆಯ ತುಂಬ ರೇಷ್ಮೆಗೂಡು ಬೇಯಿಸಿದ ವಾಸನೆ. ಗಂಡಿನ ಅಜ್ಜಿ ಚಾಪೆ ಹಾಕಿಸಿ, ತಾಂಬೂಲದ ತಟ್ಟೆಯಲ್ಲಿ ಕಾರ್ಡು ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಬಿಡಿಸಿದರು. ಬೆಳಕಿಗೆ ಹಿಡಿದು ನೋಡಿದರು.

"ಏನಪ್ಪಾ ಇದು, ಹುಡುಗಿ ಹೆಸ್ರೇ ಅಳಿಸ್ಹೋಗೈತೆ?"

ಬ್ಯಾಗಿನಲ್ಲಿ ಕಾರ್ಡಿನ ಬಲಗಡೆ ಕೆಳಗಾಗಿ ನಿಂತಿತ್ತು. ಅರಿಶಿನದ ನೀರು ಒಳಗೊಳಗೇ ಇಳಿದು ಆ ಬದಿಯನ್ನೆಲ್ಲ ನೆನೆಸಿತ್ತು. ಗಂಡಿನ ಹೆಸರು ಮುತ್ತಿನ ಹಾಗೆ ಇತ್ತು. 'ಚಿ. ಸೌ.' ಇದ್ದ ಕಡೆಯಿಂದ ಮುಂದಕ್ಕೆ ಬರೀ ಒಂದು ಕಪ್ಪು ಮೋಡ, ಅಂಚಿಗೆ ರಕ್ತದ ಬಣ್ಣ. ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. ಎಲ್ಲ ಹಾಗೇ.

ಅಜ್ಜಿ ಕೆಟ್ಟವರಲ್ಲ. ಹೆದರಿದ್ದರು. ಮೆಲ್ಲಗೆ ಕೇಳಿದರು: "ಅರಿಶಿನ ಹಚ್ಚಿದ್ದು ಯಾರಮ್ಮ?"

"ನಾವೇ ಹಚ್ಚಿದ್ದು ಕಣಮ್ಮ," ಎಂದರು ಅತ್ತಿಗೆ. "ನೀರ್ ಹಾಕಿ ಕಲ್ಸಿದ್ದು ಮಾತ್ರ ನಮ್ಮ ನಾದಿನಿ ಅಂತೆ. ಸುಮಾ ಹೇಳಿದ್ಲು."

"ಮುತ್ತೈದೇನಾ?"

ಅತ್ತಿಗೆ ತಲೆ ತಗ್ಗಿಸಿದರು. ಅಣ್ಣ ಗೋಡೆ ನೋಡಿದ. ಆ ಮೌನದಲ್ಲಿ ನಾನು ಒಂದು ಮಾತು ಹೇಳಬೇಕಿತ್ತು. 'ಅಮ್ಮಾ, ಶಾಯಿ ನನ್ನದು, ಖರ್ಚು ಉಳಿಸಲು ಸೀರೆಯ ಬಣ್ಣ ಹಾಕಿದ್ದೆ, ಯಾರ ಕೈಯ ನೀರು ತಗುಲಿದರೂ ಹೀಗೇ ಆಗುತ್ತದೆ.' ಇಷ್ಟೆ. ಮಾತು ನಾಲಗೆಯ ತುದಿಗೆ ಬಂತು. ಅದರ ಹಿಂದೆಯೇ ದೊಡ್ಡಬಳ್ಳಾಪುರ ಬಂತು: ನನ್ನಿಂದ ಕರಾರು ಬರೆಸಿಕೊಂಡವರು, ಅರ್ಜಿ ಹೊಡೆಸಿಕೊಂಡವರು, ಎಲ್ಲರೂ ತಮ್ಮ ಕಾಗದ ಹಿಡಿದು ನನ್ನ ಬಾಗಿಲಿಗೆ ಬಂದ ಹಾಗೆ ಕಂಡಿತು. ಕೈಕಟ್ಟಿಕೊಂಡು ನಿಲ್ಲುತ್ತಿದ್ದ ನನ್ನ ಠೀವಿ ಕಂಡಿತು. ನಾನು ಹೇಳಿದ್ದು ಬೇರೆಯೇ: "ಆಗಿದ್ದಾಯ್ತು ಬಿಡಿ. ಪ್ರೆಸ್ಸಲ್ಲಿ ಹೊಸದಾಗಿ ಹೊಡೆಸಿಕೊಡ್ತೀನಿ, ನನ್ನ ಖರ್ಚಲ್ಲೇ."

"ದೊಡ್ಡ ಮನಸ್ಸು ಕಣಪ್ಪ ನಿಂದು," ಎಂದರು ಅಜ್ಜಿ. ಆಮೇಲೆ ಅತ್ತಿಗೆಯ ಕೈ ಹಿಡಿದು, "ಬೇಜಾರ್ ಮಾಡ್ಕೋಬೇಡಮ್ಮ. ಧಾರೆ ಹೊತ್ನಲ್ಲಿ ಆಯಮ್ಮ ಮುಂದಕ್ಕೆ ಬಾರ್ದಂಗೆ ನೋಡ್ಕೊಳಿ, ಅಷ್ಟೇ," ಎಂದರು.

ಸಂಜೆ ರಾಜಘಟ್ಟದಲ್ಲಿ ಅಕ್ಕ ಬಾಗಿಲಲ್ಲೇ ಕಾದಿದ್ದಳು. ಯಾರೂ ಮಾತಾಡದ್ದನ್ನು ನೋಡಿ ಅವಳೇ ಬ್ಯಾಗಿಗೆ ಕೈ ಹಾಕಿ ಒಂದು ಕಾರ್ಡು ತೆಗೆದಳು. ನಾನು ತೋರಿಸಿಕೊಟ್ಟಿದ್ದ ಜಾಗ ಅವಳಿಗೆ ನೆನಪಿತ್ತು. ಅಲ್ಲಿ ಹೆಸರಿರಲಿಲ್ಲ. ಅತ್ತಿಗೆ ಅಳುತ್ತ ಎಲ್ಲ ಹೇಳಿದರು. ಬೈದು ಹೇಳಿದ್ದರೂ ಚೆನ್ನಾಗಿರುತ್ತಿತ್ತು. ಸುಮಾ ಮಾತ್ರ, "ಅತ್ತೆ ಮುಟ್ಟಿದ್ರೆ ಅಳಿಸೋಗತ್ತಾ? ಯಾವ ಕಾಲದ ಮಾತಿದು!" ಎಂದು ಕೂಗಾಡಿದಳು. ಅಕ್ಕ ಅವಳ ಬಾಯಿ ಮುಚ್ಚಲು ಕೈ ಎತ್ತಿದಳು. ಎತ್ತಿದ ಕೈಯನ್ನು ತಾನೇ ನೋಡಿಕೊಂಡು, ತಾಗಿಸದೆ ಇಳಿಸಿದಳು.

"ನಾನ್ ಆಗ್ಲೇ ಹೇಳ್ದೆ, ನಾನ್ಯಾಕೆ ಅಂತ. ನನ್ ಕೈ ಕಣವ್ವ. ನನ್ ಕೈಯಿಂದ್ಲೇ ಆಗಿದ್ದು."

ಬಾಲ್ಯದಲ್ಲಿ ನನ್ನ ಮುಖ ನೋಡಿ ನನಗಾಗಿ ಒಪ್ಪಿಕೊಂಡವಳು ಈ ಸಲ ನನ್ನ ಕಡೆ ನೋಡಲೇ ಇಲ್ಲ. ಈ ಸಲ ಅವಳು ನಂಬಿದ್ದಳು.

ಮನೆಗೆ ಬಂದಾಗ ಸರೋಜ ಎಲ್ಲ ಕೇಳಿಸಿಕೊಂಡು, "ಹೇಳಿದ್ರಾ?" ಎಂದಳು.

"ಏನನ್ನ?"

"ಲೋಟದ ವಿಷ್ಯ."

"ಸುಮ್ನಿರೇ, ನಿಂಗೇನ್ ಗೊತ್ತಾಗತ್ತೆ," ಎಂದು ಗದರಿಸಿದೆ. ಅವಳು ಗಂಡನ ಮಾನ ಎಂದು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಉಳಿದ ಬಣ್ಣವನ್ನು ಮರುದಿನವೇ ಚರಂಡಿಗೆ ಸುರಿದು ಬೆಂಗಳೂರಿಗೆ ಹೋಗಿ ಹೊಸ ಡಬ್ಬಿ ತಂದೆ. ಸಂಬಂಧಿಕರಲ್ಲಿ ನನ್ನ ಹೆಸರು ಎತ್ತರಕ್ಕೇರಿತು: ಕಾರ್ಡು ಹಾಳಾದರೂ ಬೇಸರಿಸದೆ ತನ್ನ ದುಡ್ಡಿನಲ್ಲಿ ಹೊಡೆಸಿಕೊಟ್ಟ ಚಿಕ್ಕಪ್ಪ.

ಮದುವೆಯ ದಿನ ಧಾರೆಗೆ ಸ್ವಲ್ಪ ಮುಂಚೆ ನಾನು ತೆಂಗಿನಕಾಯಿಗೆಂದು ಛತ್ರದ ಉಗ್ರಾಣಕ್ಕೆ ಹೋದೆ. ಅಕ್ಕ ಅಕ್ಕಿ ಮೂಟೆಗಳ ನಡುವೆ ಮಣೆಯ ಮೇಲೆ ಕೂತಿದ್ದಳು. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು, ಚಳಿಗೆ ಸುತ್ತಿಕೊಳ್ಳುವ ಹಾಗೆ. ಚಳಿಗಾಲವಲ್ಲ ಅದು. ಗಟ್ಟಿಮೇಳ ಶುರುವಾಯಿತು.

"ಹೋಗೋ ನಂಜ, ಹೊತ್ತಾಯ್ತು. ನನ್ ಪಾಲಿಂದೂ ಎರಡ್ ಕಾಳು ಅಕ್ಷತೆ ನೀನೇ ಹಾಕ್ಬುಡು."

ಹಾಕಿದೆ. ಮೊದಲು ಅವಳದು, ಆಮೇಲೆ ನನ್ನದು. ಎಷ್ಟು ಹಾಕಿದರೇನು.

ವರ್ಷ ಕಳೆದು ಸುಮಾ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣುಮಗು. ಅಕ್ಕ ಬೆಳಕು ಹರಿಯುವ ಮುಂಚೆ ಎದ್ದು ಹಂಡೆಗೆ ಸೌದೆ ಇಟ್ಟು ನೀರು ಕಾಯಿಸುತ್ತಿದ್ದಳು. ಕೂಸಿಗೆ ಹುಯ್ಯುವ ಹೊತ್ತಿಗೆ ಬಚ್ಚಲಿನಿಂದ ಆಚೆ ಬಂದು ನಿಲ್ಲುತ್ತಿದ್ದಳು. ಮಗು ಅತ್ತರೆ ಓಡಿ ಹೋಗುತ್ತಿದ್ದಳು. ತೊಟ್ಟಿಲಿಂದ ಎರಡು ಮಾರು ದೂರದಲ್ಲಿ ನಿಂತು, "ಸುಮಾ, ಕೂಸು ಅಳ್ತೈತೆ ಬಾರೆ," ಎಂದು ಕೂಗುತ್ತಿದ್ದಳು. ನಾನು ಹೋದಾಗ ಸುಮಾ ಕ್ಷೀಣ ದನಿಯಲ್ಲಿ, "ಅತ್ತೆ ನನ್ ಮಗೂನ ಮುಟ್ಟೋದೇ ಇಲ್ಲ ಚಿಕ್ಕಪ್ಪ. ನನ್ ಮೇಲೆ ಕೋಪಾನಾ?" ಎಂದಳು. "ವಯಸ್ಸಾಯ್ತಲ್ಲ ಮಗಾ, ಕೈಲಾಗಲ್ಲ," ಎಂದು ಎರಡನೆಯ ಸುಳ್ಳು ಹೇಳಿದೆ.

ಹೇಳಬೇಕೆಂದು ಎಷ್ಟು ಸಲ ಹೊರಟೆನೋ. ಒಂದು ಸಲ ರಾಜಘಟ್ಟದ ದಾರಿಯ ಅರ್ಧದವರೆಗೆ ಹೋಗಿ ಸೈಕಲ್ಲು ತಿರುಗಿಸಿದೆ. ಇನ್ನೊಂದು ಸಲ ಮನೆಯವರೆಗೆ ಹೋಗಿ, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಬಂದೆ. ಅಣ್ಣ ತೀರಿಕೊಂಡ. ಸರೋಜ ತೀರಿಕೊಂಡಳು. ಗೊತ್ತಿದ್ದವಳು ಅವಳೊಬ್ಬಳೇ, ಇನ್ನು ನಾನು ಬಾಯಿ ಬಿಡದಿದ್ದರೆ ಅದು ನನ್ನ ಜೊತೆಗೇ ಮಣ್ಣಾಗುತ್ತದೆ ಎನಿಸಿದಾಗ ಸಮಾಧಾನವಾಗಬೇಕಿತ್ತು. ಹೆದರಿಕೆಯಾಯಿತು. ಮುಂದಿನ ಭಾನುವಾರವೇ ಹೊರಟೆ.

ಅಕ್ಕ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಸುಮಾ ಮಗಳನ್ನು ಕರೆದುಕೊಂಡು ಬಂದಿದ್ದಳು. ಒಳಗೆ ಅತ್ತಿಗೆಯ ಜೊತೆ ಮಾತಾಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎರಡು ಕಾಯಿ ಸುಲಿದೆ. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲ ಹೇಳಿದೆ. ಮುನಿರಾಜುವಿನ ಪೊಟ್ಟಣ, ಅವನು ಹೇಳಿದ ಎಚ್ಚರಿಕೆ, ಕಾಫಿ ಲೋಟ, ವಿಜಯಪುರದಲ್ಲಿ ನುಂಗಿದ ಮಾತು. ಅವಳು ಬೈಯಲಿ, ಮೊರ ಎತ್ತಿ ಬಡಿಯಲಿ ಎಂದು ಕಾದೆ.

"ಯಾರ್ ಕೈ ನೀರಾದ್ರೂ ಹಂಗೇ ಆಗ್ತಿತ್ತಾ?" ಎಂದಳು.

"ಯಾರ್ ಕೈ ನೀರಾದ್ರೂ ಅಕ್ಕ."

"ನಿಮ್ಮತ್ತಿಗೆ ಕಲ್ಸಿದ್ರೂ?"

"ಅತ್ತಿಗೆ ಕಲ್ಸಿದ್ರೂ."

ಅವಳು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. ಆಮೇಲೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈ ತಿರುಗಿಸಿ, ಮತ್ತೆ ಹಿಂಗೈ ತಿರುಗಿಸಿ ನೋಡಿಕೊಂಡಳು. ಬಹಳ ದಿನ ಬೇರೆಯವರ ಮನೆಯಲ್ಲಿದ್ದ ಪಾತ್ರೆ ವಾಪಸ್ಸು ಬಂದಾಗ ಹೆಂಗಸರು ನೋಡುತ್ತಾರಲ್ಲ, ಹಾಗೆ.

ಅಷ್ಟರಲ್ಲಿ ಸುಮಾಳ ಮಗಳು ಹೊರಗೆ ಬಂದಳು. ಐದನೇ ಕ್ಲಾಸು, ಆಗಲೇ ನನ್ನ ಎದೆಮಟ್ಟಕ್ಕೆ ಬೆಳೆದಿದ್ದಳು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು, ಎರಡೂ ಕೈ ಚಾಚಿ ಕರೆದಳು: "ಬಾರವ್ವ ಇಲ್ಲಿ. ತಲೆ ಬಾಚಿ ಜಡೆ ಹಾಕ್ತೀನಿ."

ಹುಡುಗಿ ನಿಂತಳು. ಚಾಚಿದ ಕೈಗಳನ್ನು ನೋಡಿದಳು. ಆ ಕೈಗಳು ಅವಳಿಗೆ ಹೊಸವು. ಅರ್ಧ ಹೆಜ್ಜೆ ಹಿಂದಕ್ಕೆ ಸರಿದು, "ಬೇಡ ಅಜ್ಜಿ, ಅಮ್ಮ ಈಗಷ್ಟೇ ಬಾಚಿದಾಳೆ," ಎಂದು ಹೇಳಿ, ಕೊಟ್ಟಿಗೆಯ ಕರುವಿನ ಕಡೆ ಓಡಿದಳು.

ಅಕ್ಕನ ಕೈಗಳು ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ಮೊರಕ್ಕೆ ಇಳಿದು ಒಂದು ಕಾಯಿ ಎತ್ತಿಕೊಂಡವು.

"ಕೂಸಿದ್ದಾಗ ಎತ್ತಾಡ್ಸಿದ್ರೆ ಬರ್ತಿದ್ಲು ಕಣೋ ನಂಜ," ಎಂದಳು.